ಐದು ವೋಲ್ಟಿನ ನೀರುಗಂಟಿ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ, ಹುಬ್ಬಳ್ಳಿ, ಮಂಗಳೂರುಗಳ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಲ್ಲಾಗಲಿ ‘7805 ಕೊಡಿ’ ಎಂದರೆ ಅಂಗಡಿಯವರು ಮರುಪ್ರಶ್ನೆ ಕೇಳುವುದಿಲ್ಲ. ಸಾಲಾಗಿ ಜೋಡಿಸಿಟ್ಟ ಪುಟ್ಟ ಡಬ್ಬಿಗಳಲ್ಲಿ ಒಂದನ್ನು ಎಳೆದು, ಮೂರು ಕಾಲುಗಳ, ಬೆನ್ನಿಗೆ ಲೋಹದ ತಗಡು ಅಂಟಿಸಿಕೊಂಡ ಕಪ್ಪು ವಸ್ತುವೊಂದನ್ನು ಮುಂದಿಡುತ್ತಾರೆ. ಇದು ವೋಲ್ಟೇಜ್ ರೆಗ್ಯುಲೇಟರ್. ಒಂದು ಕಾಲಿಗೆ ಏಳರಿಂದ ಮೂವತ್ತೈದು ವೋಲ್ಟಿನವರೆಗೆ ಏನನ್ನೇ ಕೊಟ್ಟರೂ ಇನ್ನೊಂದು ಕಾಲಿನಲ್ಲಿ ಐದೇ ವೋಲ್ಟ್ ಸಿಗುತ್ತದೆ. ನಡುವಿನ ಕಾಲು ಎರಡಕ್ಕೂ ಸಾಮಾನ್ಯವಾದ ನೆಲೆ.

ಎರಡು ಮೂರು ವರ್ಷಕ್ಕೆ ಮೊಬೈಲ್ ಫೋನ್ ಹಳತಾಗುವ ಈ ಕ್ಷೇತ್ರದಲ್ಲಿ 1970ರ ದಶಕದ ಆರಂಭದಲ್ಲಿ ಹುಟ್ಟಿದ ವಸ್ತುವೊಂದು ಅರ್ಧ ಶತಮಾನ ದಾಟಿಯೂ ಅದೇ ಸಂಖ್ಯೆಯಿಂದ ಮಾರಾಟವಾಗುತ್ತಿರುವುದು ಸೋಜಿಗದ ಸಂಗತಿ. ಅದರ ಅಕ್ಕಪಕ್ಕದ ಡಬ್ಬಿಗಳಲ್ಲಿರುವ 2ಎನ್ 3055 ಟ್ರಾನ್ಸಿಸ್ಟರ್, ಎಲ್‌ಎಂ 317 ರೆಗ್ಯುಲೇಟರ್, ಯುಎಲ್‌ಎನ್ 2003 ಡ್ರೈವರ್ ಐಸಿ ಎಲ್ಲವೂ ಸರಿಸುಮಾರು ಅದೇ ತಲೆಮಾರಿನವು. ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟುಗಳಲ್ಲಿ, ಶಾಲೆಯ ವಿಜ್ಞಾನ ಮೇಳಗಳಲ್ಲಿ, ಮನೆಯ ಮೇಜಿನ ಮೇಲೆ ಬೆಸುಗೆ ಹಿಡಿದು ಕೂರುವ ಹವ್ಯಾಸಿಗಳ ಕೈಯಲ್ಲಿ ಇವೇ ಸುತ್ತುತ್ತಿವೆ. ಹೆಚ್ಚಿನವರು ಇವನ್ನು ಆರಿಸಿಕೊಳ್ಳುವುದು ಹಿಂದಿನವರು ಬಳಸಿದ್ದರು ಎಂಬ ಕಾರಣಕ್ಕೆ. ಆದರೆ ಹಿಂದಿನವರು ಇವನ್ನು ಯಾವ ಕಷ್ಟಕ್ಕೆ ಪರಿಹಾರವಾಗಿ ಕಂಡುಕೊಂಡರು ಎಂಬುದನ್ನು ತಿಳಿದರೆ, ಇಂದು ಯಾವ ಕೆಲಸಕ್ಕೆ ಇವು ಒಪ್ಪುತ್ತವೆ, ಯಾವುದಕ್ಕೆ ಒಪ್ಪುವುದಿಲ್ಲ ಎಂಬುದೂ ತಾನಾಗಿ ತಿಳಿಯುತ್ತದೆ.

ತೂಬು ಕಾಯುವ ಕೆಲಸ

ನಮ್ಮ ಕೆರೆಗಳಿಗೆ ಹಿಂದೆ ನೀರುಗಂಟಿ ಎಂಬಾತನಿರುತ್ತಿದ್ದ. ಕೆರೆಯಲ್ಲಿ ನೀರು ತುಂಬಿರಲಿ, ಇಳಿದಿರಲಿ, ಅಚ್ಚುಕಟ್ಟಿನ ಗದ್ದೆಗೆ ಎಷ್ಟು ಬೇಕೋ ಅಷ್ಟೇ ಹರಿಯುವಂತೆ ತೂಬನ್ನು ಏರಿಸಿ ಇಳಿಸುವುದು ಅವನ ಕೆಲಸ. ವೋಲ್ಟೇಜ್ ರೆಗ್ಯುಲೇಟರಿನ ಕೆಲಸವೂ ಇದೇ. ಗೋಡೆಯ ಪ್ಲಗ್ಗಿನಿಂದ ಬರುವ 230 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಇಳಿಸುತ್ತದೆ, ಡಯೋಡುಗಳು ಅದನ್ನು ಏಕಮುಖ ಮಾಡುತ್ತವೆ, ಕೆಪಾಸಿಟರ್ ಅದರ ಏರಿಳಿತವನ್ನು ಒಂದಿಷ್ಟು ತಗ್ಗಿಸುತ್ತದೆ. ಆದರೂ ಸಂಜೆ ಊರಿನ ದೀಪಗಳೆಲ್ಲ ಹೊತ್ತಿಕೊಂಡಾಗ ವೋಲ್ಟೇಜ್ ಇಳಿಯುತ್ತದೆ, ನಡುರಾತ್ರಿ ಏರುತ್ತದೆ. ಸರ್ಕ್ಯೂಟಿನಲ್ಲೇ ಒಂದು ಮೋಟಾರು ಚಾಲೂ ಆದರೂ ಸಾಕು, ಕುಸಿಯುತ್ತದೆ. ಹಳೆಯ ಟೀವಿ, ಫ್ರಿಜ್ಜುಗಳ ಪಕ್ಕ ಸ್ಟೆಬಿಲೈಸರ್ ಇಟ್ಟುಕೊಂಡ ನಮ್ಮ ಮನೆಗಳಿಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ನೀರುಗಂಟಿಗೆ ಎರಡು ಸಂಗತಿಗಳು ಬೇಕು: ನೀರಿನ ಮಟ್ಟ ಎಷ್ಟಿರಬೇಕೆಂದು ತೋರಿಸುವ ಗುರುತಿನ ಕಲ್ಲು, ಮತ್ತು ಏರಿಸಿ ಇಳಿಸಬಲ್ಲ ತೂಬು. ರೆಗ್ಯುಲೇಟರಿನಲ್ಲಿ ಗುರುತಿನ ಕಲ್ಲೆಂದರೆ ಕದಲದ ಒಂದು ಮಾದರಿ ವೋಲ್ಟೇಜ್. ತೂಬೆಂದರೆ ಅಗತ್ಯಕ್ಕೆ ತಕ್ಕಂತೆ ಪ್ರವಾಹವನ್ನು ಬಿಡುವ ಟ್ರಾನ್ಸಿಸ್ಟರ್. ಇವೆರಡನ್ನೂ ಹುಡುಕಿಕೊಂಡ ಕತೆಯೇ ರೆಗ್ಯುಲೇಟರಿನ ಚರಿತ್ರೆ.

ವಾಲ್ವ್ ರೇಡಿಯೋಗಳ ಕಾಲದಲ್ಲಿ ಗುರುತಿನ ಕಲ್ಲಾಗಿದ್ದುದು ಅನಿಲ ತುಂಬಿದ, ಮಂದವಾಗಿ ಹೊಳೆಯುವ ಗಾಜಿನ ಕೊಳವೆ. 75, 105, 150 ವೋಲ್ಟುಗಳ ಕೊಳವೆಗಳು ಸಿಗುತ್ತಿದ್ದವು. ನೂರಾರು ವೋಲ್ಟುಗಳಲ್ಲಿ ನಡೆಯುತ್ತಿದ್ದ ವಾಲ್ವುಗಳಿಗೆ ಅವು ಸರಿಹೊಂದಿದವು. ಐದು ಹತ್ತು ವೋಲ್ಟುಗಳ ಟ್ರಾನ್ಸಿಸ್ಟರಿಗೆ ಅವುಗಳಿಂದ ಪ್ರಯೋಜನವಿರಲಿಲ್ಲ. ಆ ಜಾಗಕ್ಕೆ ಬಂದದ್ದು ಝೀನರ್ ಡಯೋಡ್. 1934ರಲ್ಲಿ ಕ್ಲಾರೆನ್ಸ್ ಝೀನರ್ ಎಂಬ ಅಮೆರಿಕದ ಭೌತವಿಜ್ಞಾನಿ, ಅವಾಹಕ ವಸ್ತುಗಳು ಪ್ರಬಲ ವಿದ್ಯುತ್ ಕ್ಷೇತ್ರಕ್ಕೆ ಹೇಗೆ ಮಣಿಯುತ್ತವೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದ್ದರು. ಒಂದು ನಿರ್ದಿಷ್ಟ ವೋಲ್ಟಿನಲ್ಲಿ ಮಣಿದು, ಅಲ್ಲಿಂದ ಮುಂದೆ ವೋಲ್ಟೇಜನ್ನು ಏರಗೊಡದೆ ಹಿಡಿದಿಡುವ ಅರೆವಾಹಕ ಡಯೋಡಿಗೆ ಮುಂದೆ ಅವರ ಹೆಸರನ್ನೇ ಇಟ್ಟರು.

ತಿರಸ್ಕೃತ ಸರಕಿನಿಂದ ಬೆಳೆದ ಹವ್ಯಾಸ

ಇನ್ನು ತೂಬಿನ ಕತೆ. 1947ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೇನ್ ಮೊದಲ ಟ್ರಾನ್ಸಿಸ್ಟರನ್ನು ಮಾಡಿ ತೋರಿಸಿದರು. ವಿಲಿಯಂ ಶಾಕ್ಲೆ ಅದಕ್ಕೆ ಇನ್ನಷ್ಟು ಗಟ್ಟಿಯಾದ ರೂಪ ಕೊಟ್ಟರು. ಮೂವರಿಗೂ 1956ರಲ್ಲಿ ನೊಬೆಲ್ ಬಂತು. ಆದರೆ ಸಾಮಾನ್ಯ ಹವ್ಯಾಸಿಯ ಕೈಗೆ ಟ್ರಾನ್ಸಿಸ್ಟರ್ ಬಂದ ದಾರಿ ಅಷ್ಟೇನೂ ಭವ್ಯವಾದುದಲ್ಲ.

ರೇಥಿಯಾನ್ ಎಂಬ ಕಂಪನಿ ಶ್ರವಣ ಸಾಧನಗಳಿಗಾಗಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತಯಾರಿಸುತ್ತಿತ್ತು. ಆಗಿನ ತಯಾರಿಕೆ ಎಷ್ಟು ಅನಿಶ್ಚಿತವಾಗಿತ್ತೆಂದರೆ ಬಹಳಷ್ಟು ಟ್ರಾನ್ಸಿಸ್ಟರುಗಳು ಪರೀಕ್ಷೆಯಲ್ಲಿ ಸೋಲುತ್ತಿದ್ದವು. ಅವು ಪೂರ್ತಿ ಸತ್ತವೇನಲ್ಲ. ಕಿವಿಯ ಸಾಧನಕ್ಕೆ ಬೇಕಾದ ಗುಣಮಟ್ಟ ಇರಲಿಲ್ಲ, ಅಷ್ಟೇ. ಅವನ್ನು ಎಸೆಯುವ ಬದಲು ಹವ್ಯಾಸಿಗಳಿಗೆ ಮಾರಬಹುದಲ್ಲ ಎಂದು ಕಂಪನಿಯ ಅಧಿಕಾರಿ ನಾರ್ಮನ್ ಕ್ರಿಮ್ ಯೋಚಿಸಿದರು. 1953ರಲ್ಲಿ ಸಿಕೆ 722 ಎಂಬ ಹೆಸರಿನಲ್ಲಿ ಅವು ಮಾರುಕಟ್ಟೆಗೆ ಬಂದವು. ಮೊದಲು 7 ಡಾಲರ್ 60 ಸೆಂಟ್ ಇದ್ದ ಬೆಲೆ ಕೆಲವೇ ವರ್ಷಗಳಲ್ಲಿ 99 ಸೆಂಟಿಗೆ ಇಳಿಯಿತು. ಅಮೆರಿಕದ ಒಂದು ತಲೆಮಾರಿನ ಹುಡುಗರು ಎಲೆಕ್ಟ್ರಾನಿಕ್ಸ್ ಕಲಿತದ್ದು ಈ ತಿರಸ್ಕೃತ ಸರಕಿನಿಂದ. ಉದ್ಯಮಕ್ಕೆ ಏನು ಬೇಕೋ ಅದು ಅಗ್ಗವಾಗುತ್ತದೆ, ಅಗ್ಗವಾದದ್ದು ಹವ್ಯಾಸಿಯ ಮೇಜಿಗೆ ಬರುತ್ತದೆ ಎಂಬ ಸೂತ್ರ ಅಂದಿನಿಂದ ಇಂದಿನವರೆಗೂ ತಪ್ಪಿಲ್ಲ.

ಭಾರತದಲ್ಲಿ ಈ ದಾರಿ ಬೆಂಗಳೂರಿನ ಮೂಲಕ ಹಾಯ್ದು ಬಂತು. 1954ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1962ರಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಗೆ ಕೈಹಾಕಿತು. 1967ರ ವೇಳೆಗೆ ಸಿಲಿಕಾನ್ ಸಾಧನಗಳಿಗೂ ಐಸಿಗಳಿಗೂ ಮುಂದುವರಿಯಿತು. 1969ರಲ್ಲಿ ದೆಹಲಿಯಿಂದ ‘ಎಲೆಕ್ಟ್ರಾನಿಕ್ಸ್ ಫಾರ್ ಯು’ ಪತ್ರಿಕೆ ಹೊರಟಿತು. ಆಮದಿಗೆ ಪರವಾನಗಿ ಬೇಕಿದ್ದ ಆ ಕಾಲದಲ್ಲಿ ವಿದೇಶಿ ಪತ್ರಿಕೆಯ ಸರ್ಕ್ಯೂಟಿನಲ್ಲಿ ಬರೆದ ಟ್ರಾನ್ಸಿಸ್ಟರ್ ಇಲ್ಲಿ ಸಿಗುವುದು ಅಪರೂಪ. ಅದಕ್ಕೆ ಬದಲಿ ಯಾವುದು ಎಂಬುದನ್ನು ಕೋಷ್ಟಕಗಳಲ್ಲಿ ಹುಡುಕಬೇಕಿತ್ತು. ಎಷ್ಟು ವೋಲ್ಟ್ ತಡೆಯುತ್ತದೆ, ಎಷ್ಟು ಪ್ರವಾಹ ಹೊರುತ್ತದೆ, ಎಷ್ಟು ಪಟ್ಟು ವರ್ಧಿಸುತ್ತದೆ ಎಂಬ ಮೂರು ಲೆಕ್ಕಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಬೇಕಿತ್ತು. ಕಾಲೇಜು ಪ್ರಯೋಗಾಲಯಗಳಲ್ಲಿ ಎಸ್‌ಎಲ್ 100, ಎಸ್‌ಕೆ 100 ಎಂಬ ಲೋಹದ ಟೋಪಿಯ ಟ್ರಾನ್ಸಿಸ್ಟರುಗಳು ಮನೆಮಾತಾದದ್ದು ಹೀಗೆ. ಕೊರತೆಯ ಆ ಕಾಲ ಕಷ್ಟದ್ದೇ. ಆದರೆ ವಸ್ತುವಿನ ಗುಣ ನೋಡಿ ಆರಿಸುವ ಪಾಠವನ್ನು ಅದು ಅನಿವಾರ್ಯವಾಗಿ ಕಲಿಸಿತು.

ಆಗಿನ ರೆಗ್ಯುಲೇಟರೆಂದರೆ ಒಂದು ಝೀನರ್ ಡಯೋಡ್, ಒಂದು ದಪ್ಪ ಟ್ರಾನ್ಸಿಸ್ಟರ್. 1960ರ ದಶಕದಲ್ಲಿ ಅಮೆರಿಕದ ಆರ್‌ಸಿಎ ಕಂಪನಿ ಹೊರತಂದ 2ಎನ್ 3055 ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. 15 ಆಂಪಿಯರ್, 60 ವೋಲ್ಟ್, 115 ವಾಟ್ ಎಂಬುದು ಅದರ ಖ್ಯಾತಿ. ಆದರೆ ಈ 115 ವಾಟ್ ಎಂಬ ಅಂಕಿಗೆ ಒಂದು ಷರತ್ತಿದೆ: ಅದರ ಲೋಹದ ಮೈ 25 ಡಿಗ್ರಿಯಲ್ಲೇ ಇರಬೇಕು. ಕಲಬುರಗಿಯ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟಿರುವಾಗ ಬಿಸಿಯಾದ ಟ್ರಾನ್ಸಿಸ್ಟರಿನ ಮೈ 25 ಡಿಗ್ರಿಯಲ್ಲಿ ಇರುವುದೆಂತು? ಬಿಡಿಭಾಗದ ಮೇಲಿನ ದೊಡ್ಡ ಅಂಕಿಗೂ ನಮಗೆ ನಿಜವಾಗಿ ದಕ್ಕುವ ಅಂಕಿಗೂ ನಡುವೆ ಶಾಖ ಎಂಬ ಸುಂಕದ ಕಟ್ಟೆಯಿದೆ. ಮುಂದಿನ ಕತೆಯೆಲ್ಲ ಈ ಸುಂಕದ ಸುತ್ತಲೇ ನಡೆಯುತ್ತದೆ.

ತನ್ನ ಬಿಸಿ ತಾನೇ ಅರಿಯುವ ಚಿಪ್

1964ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಟಿಟಿಎಲ್ ಎಂಬ ಲೆಕ್ಕದ ಐಸಿಗಳ ದೊಡ್ಡ ಸರಣಿಯನ್ನು ಆರಂಭಿಸಿತು. ಅವುಗಳಿಗೆ ಬೇಕಾದದ್ದು ಐದು ವೋಲ್ಟ್. ಮಾಮೂಲಿ ಐಸಿಗಳಿಗೆ ಕಾಲು ವೋಲ್ಟ್ ಹೆಚ್ಚು ಕಡಿಮೆಯಾದರೆ ಸಹಿಸಿಕೊಂಡಾವು, ಅದಕ್ಕಿಂತ ಹೆಚ್ಚಿನ ಏರುಪೇರಾದರೆ ಅವುಗಳ ಲೆಕ್ಕದ ಮೇಲೆ ಭರವಸೆಯಿಲ್ಲ. ನೂರಾರು ಐಸಿಗಳ ಯಂತ್ರದಲ್ಲಿ ಒಂದು ಮೂಲೆಯಿಂದ ಐದು ವೋಲ್ಟನ್ನು ಹೊರಡಿಸಿದರೆ, ಉದ್ದದ ತಂತಿ ಮತ್ತು ಕನೆಕ್ಟರುಗಳಲ್ಲಿ ಸೋರಿ ಇನ್ನೊಂದು ಮೂಲೆಗೆ ನಾಲ್ಕೂವರೆ ತಲುಪುವ ಅಪಾಯ. ಪ್ರತಿ ಹಲಗೆಯ ಮೇಲೂ ಒಬ್ಬೊಬ್ಬ ಪುಟ್ಟ ನೀರುಗಂಟಿಯನ್ನು ಕೂರಿಸುವುದೇ ಇದಕ್ಕೆ ಪರಿಹಾರ. ಹಾಗೆ ಕೂರಿಸಬೇಕಾದರೆ ಅವನು ಅಗ್ಗವಾಗಿರಬೇಕು, ಚಿಕ್ಕವನಾಗಿರಬೇಕು, ಯಾರ ಉಸ್ತುವಾರಿಯೂ ಇಲ್ಲದೆ ಬಾಳಬೇಕು.

ಇದನ್ನು ಸಾಧಿಸಿದವರು ಬಾಬ್ ವಿಡ್ಲರ್. 1937ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಹುಟ್ಟಿದ ಈ ಎಂಜಿನಿಯರ್ ಫೇರ್‌ಚೈಲ್ಡ್ ಕಂಪನಿಯಲ್ಲಿ ಹೆಸರು ಮಾಡಿ ನಂತರ ನ್ಯಾಷನಲ್ ಸೆಮಿಕಂಡಕ್ಟರ್ ಸೇರಿದರು. ಪ್ರತಿಭೆಯಷ್ಟೇ ಅವರ ವಿಚಿತ್ರ ವರ್ತನೆಗಳೂ ಪ್ರಸಿದ್ಧ. ಕೈಕೊಟ್ಟ ಬಿಡಿಭಾಗವನ್ನು ಸುತ್ತಿಗೆಯಿಂದ ಪುಡಿ ಮಾಡುತ್ತಿದ್ದರು. ಕಂಪನಿಯವರು ಖರ್ಚು ಉಳಿಸಲು ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿದಾಗ ಕಾರಿನಲ್ಲಿ ಒಂದು ಕುರಿಯನ್ನು ತಂದು ಕಚೇರಿಯ ಅಂಗಳದಲ್ಲಿ ಮೇಯಲು ಬಿಟ್ಟರು.

ಅವರ ಮುಂದಿದ್ದ ತೊಡಕು ಶಾಖದ್ದೇ. ತೂಬಿನ ಟ್ರಾನ್ಸಿಸ್ಟರ್ ಕೆಂಡದಂತೆ ಬಿಸಿಯಾಗುತ್ತದೆ. ಗುರುತಿನ ಕಲ್ಲಾದ ಮಾದರಿ ವೋಲ್ಟೇಜ್ ಬಿಸಿ ತಾಗಿದರೆ ಕದಲುತ್ತದೆ. ಎರಡನ್ನೂ ಒಂದೇ ಸಿಲಿಕಾನ್ ಚೂರಿನ ಮೇಲೆ ಕೂರಿಸುವುದು ಬೆಂಕಿಯ ಪಕ್ಕ ಬೆಣ್ಣೆ ಇಟ್ಟಂತೆ. ಇದಕ್ಕೆ ಉತ್ತರದ ಸುಳಿವು ಫೇರ್‌ಚೈಲ್ಡಿನ ಡೇವಿಡ್ ಹಿಲ್ಬೈಬರ್ 1964ರಲ್ಲಿ ಪ್ರಕಟಿಸಿದ ಕೆಲಸದಲ್ಲಿತ್ತು. ಸಿಲಿಕಾನ್ ಸಂಧಿಯ ವೋಲ್ಟೇಜ್ ಪ್ರತಿ ಡಿಗ್ರಿ ಬಿಸಿಗೆ ಸುಮಾರು 2 ಮಿಲಿವೋಲ್ಟಿನಂತೆ ಇಳಿಯುತ್ತದೆ. ಆದರೆ ಬೇರೆ ಬೇರೆ ಪ್ರವಾಹ ಸಾಂದ್ರತೆಗಳಲ್ಲಿ ನಡೆಯುವ ಎರಡು ಸಂಧಿಗಳ ವೋಲ್ಟೇಜುಗಳ ವ್ಯತ್ಯಾಸ ಬಿಸಿಯೊಡನೆ ಏರುತ್ತದೆ. ಇಳಿಯುವುದನ್ನೂ ಏರುವುದನ್ನೂ ತಕ್ಕ ಪ್ರಮಾಣದಲ್ಲಿ ಕೂಡಿಸಿದರೆ ಸುಮಾರು 1.2 ವೋಲ್ಟಿನ, ಬಿಸಿಗೆ ಜಗ್ಗದ ಮಾದರಿ ಸಿಗುತ್ತದೆ. ಇದನ್ನು ಚಿಪ್ಪಿನೊಳಗೆ ಅಡಕವಾಗಿ ಕಟ್ಟಿದ್ದು ವಿಡ್ಲರ್. 1969-70ರ ವೇಳೆಗೆ ಬಂದ ಅವರ ಎಲ್‌ಎಂ 109 ಐದು ವೋಲ್ಟಿನ, ಮೂರೇ ತುದಿಗಳ ರೆಗ್ಯುಲೇಟರ್. ಪ್ರವಾಹ ಮಿತಿಮೀರಿದರೆ ಅದು ತಾನೇ ತಡೆಯುತ್ತದೆ. ಮೈ ವಿಪರೀತ ಬಿಸಿಯಾದರೆ ತಾನೇ ಬಾಗಿಲು ಹಾಕಿಕೊಳ್ಳುತ್ತದೆ, ತಣಿದ ಮೇಲೆ ಮತ್ತೆ ತೆರೆಯುತ್ತದೆ. 1970ರ ಕೊನೆಯಲ್ಲಿ ಕೆಲಸ ಬಿಟ್ಟು ಮೆಕ್ಸಿಕೋದ ಕಡಲತೀರಕ್ಕೆ ಹೋಗಿ ನೆಲೆಸಿದಾಗ ವಿಡ್ಲರ್‌ಗೆ 33 ವರ್ಷ. 1991ರಲ್ಲಿ ಅವರು ಅಲ್ಲಿಯೇ ತೀರಿಕೊಂಡರು.

ಇದೇ ಮಾದರಿಯಲ್ಲಿ ಫೇರ್‌ಚೈಲ್ಡ್ ತಂದ 78 ಸರಣಿ ಜಗತ್ತನ್ನೆಲ್ಲ ಆವರಿಸಿತು. ಕೊನೆಯ ಎರಡು ಅಂಕಿಗಳೇ ವೋಲ್ಟೇಜ್: 7805 ಎಂದರೆ ಐದು, 7812 ಎಂದರೆ ಹನ್ನೆರಡು. ಋಣ ವೋಲ್ಟೇಜಿಗೆ 79 ಸರಣಿ. 1976ರಲ್ಲಿ ನ್ಯಾಷನಲ್‌ನ ರಾಬರ್ಟ್ ಡಾಬ್ಕಿನ್ ರೂಪಿಸಿದ ಎಲ್‌ಎಂ 317 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎರಡು ರೆಸಿಸ್ಟರುಗಳನ್ನು ಬದಲಿಸಿದರೆ 1.25ರಿಂದ 37 ವೋಲ್ಟಿನವರೆಗೆ ಬೇಕಾದ್ದನ್ನು ಕೊಡತೊಡಗಿತು. ಅದರ ಕನಿಷ್ಠ 1.25 ವೋಲ್ಟ್ ಏಕೆ ಎಂದು ಹಲವು ವಿದ್ಯಾರ್ಥಿಗಳು ಕೇಳುವುದುಂಟು. ಮೇಲೆ ಹೇಳಿದ, ಬಿಸಿಗೆ ಜಗ್ಗದ ಮಾದರಿಯೇ ಅದು.

ಹವ್ಯಾಸಿಗಳ ಪಾಲಿಗೆ ಈ ಮೂರು ಕಾಲಿನ ವಸ್ತು ಎಂತಹ ವರವಾಯಿತೆಂಬುದಕ್ಕೆ ಆಲ್ಟೇರ್ 8800 ಸಾಕ್ಷಿ. 1975ರ ಜನವರಿಯ ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡ, ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ ಈ ಕಂಪ್ಯೂಟರಿನಲ್ಲಿ ಎಂಟು ವೋಲ್ಟಿನ ಒರಟು ವಿದ್ಯುತ್ತು ಎಲ್ಲ ಹಲಗೆಗಳಿಗೂ ಹರಿಯುತ್ತಿತ್ತು. ಪ್ರತಿ ಹಲಗೆಯ ಮೇಲಿದ್ದ ರೆಗ್ಯುಲೇಟರ್ ಅದನ್ನು ಐದಕ್ಕೆ ಇಳಿಸಿಕೊಳ್ಳುತ್ತಿತ್ತು. ಎಂಟರಿಂದ ಐದಕ್ಕೆ ಇಳಿಯುವುದು ಮೂರೇ ವೋಲ್ಟ್ ಎಂಬುದನ್ನು ಗಮನಿಸಬೇಕು. ಅದರ ಮಹತ್ವ ಈಗ ತಿಳಿಯುತ್ತದೆ.

ಸುಲಭದ ಬೆಲೆ

ಇಂದು ಹೆಚ್ಚಿನ ವಿದ್ಯಾರ್ಥಿಗಳ ಮನೆಯಲ್ಲಿರುವುದು 12 ವೋಲ್ಟಿನ ಅಡಾಪ್ಟರ್. ಅದಕ್ಕೆ 7805 ಜೋಡಿಸಿ, 0.8 ಆಂಪಿಯರ್ ಬೇಡುವ ಸರ್ಕ್ಯೂಟನ್ನು ನಡೆಸಲು ಹೊರಟರೆ ಏನಾಗುತ್ತದೆ? ನಡುವೆ ಇಳಿಯಬೇಕಾದದ್ದು 7 ವೋಲ್ಟ್. ಏಳನ್ನು 0.8ರಿಂದ ಗುಣಿಸಿದರೆ 5.6 ವಾಟ್. ಇಷ್ಟೂ ಶಾಖವಾಗಿ ಆ ಬೆರಳಗಲದ ವಸ್ತುವಿನಿಂದಲೇ ಹೊರಬೀಳಬೇಕು. ಹೀಟ್‌ಸಿಂಕ್ ಇಲ್ಲದೆ ಬರಿಮೈಯಲ್ಲಿ ನಿಂತ 7805 ಪ್ರತಿ ವಾಟಿಗೆ ಸುಮಾರು 65 ಡಿಗ್ರಿಯಂತೆ ಬಿಸಿಯೇರುತ್ತದೆ. ಒಳಗಿನ ಸಿಲಿಕಾನ್ 125 ಡಿಗ್ರಿ ದಾಟಬಾರದೆಂದೂ ಕೋಣೆ 35 ಡಿಗ್ರಿ ಇದೆಯೆಂದೂ ಇಟ್ಟುಕೊಂಡರೆ ಉಳಿಯುವುದು 90 ಡಿಗ್ರಿ, ಎಂದರೆ 1.4 ವಾಟಿನಷ್ಟು ಮಾತ್ರ. ಏಳು ವೋಲ್ಟ್ ಇಳಿಕೆಗೆ ಇದು 0.2 ಆಂಪಿಯರ್. ಒಂದು ಆಂಪಿಯರಿನ ಸರದಾರ ಈ ಲೆಕ್ಕದಲ್ಲಿ ಐದನೆಯ ಒಂದು ಪಾಲಿಗೆ ಇಳಿದುಬಿಟ್ಟ.

ವಿಡ್ಲರ್ ತೋರಿದ ದಾರಿಯ ಫಲವಾಗಿ ಚಿಪ್ ಸುಡುವುದಿಲ್ಲ. ಬಾಗಿಲು ಹಾಕಿಕೊಳ್ಳುತ್ತದೆ, ತಣಿದು ಮತ್ತೆ ತೆರೆಯುತ್ತದೆ. ಹೊರಗಿನಿಂದ ನೋಡುವವರಿಗೆ ಸರ್ಕ್ಯೂಟ್ ಕಾರಣವಿಲ್ಲದೆ ನಿಂತು ನಿಂತು ನಡೆಯುವಂತೆ ಕಾಣುತ್ತದೆ. ಪ್ರಾಜೆಕ್ಟಿನ ಮೌಖಿಕ ಪರೀಕ್ಷೆಯ ದಿನ ಹೀಗಾದರೆ ವಿದ್ಯಾರ್ಥಿ ತನ್ನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುತ್ತಾನೆ, ವೈರುಗಳನ್ನು ಅಲುಗಾಡಿಸುತ್ತಾನೆ, ಕೊನೆಗೆ ತನಗೆ ಈ ವಿದ್ಯೆ ಒಲಿಯದೆಂದು ಬೇಸರಿಸುತ್ತಾನೆ. ತಪ್ಪಿದ್ದು ಒಂದು ಗುಣಾಕಾರ. ಮೂರು ಕಾಲಿನ ಸರಳತೆ ಆ ಗುಣಾಕಾರವನ್ನು ಮರೆಯಿಸಿಬಿಟ್ಟಿತು.

ಬ್ಯಾಟರಿಯ ವಿಷಯದಲ್ಲಿ ಇನ್ನೆರಡು ತೊಡಕುಗಳಿವೆ. 7805ಕ್ಕೆ ಐದು ಕೊಡಲು ಕನಿಷ್ಠ ಏಳು ಬೇಕು. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಏಳಕ್ಕೆ ಇಳಿದ ಕೂಡಲೇ, ಅದರಲ್ಲಿ ಇನ್ನೂ ಶಕ್ತಿ ಉಳಿದಿದ್ದರೂ, ಐದು ವೋಲ್ಟ್ ಕದಲತೊಡಗುತ್ತದೆ. ಅಲ್ಲದೆ ಸರ್ಕ್ಯೂಟ್ ಸುಮ್ಮನಿರುವಾಗಲೂ ರೆಗ್ಯುಲೇಟರ್ ತನ್ನ ಸ್ವಂತ ಖರ್ಚಿಗೆಂದು ಸುಮಾರು 5 ಮಿಲಿಆಂಪಿಯರ್ ಕುಡಿಯುತ್ತದೆ. 500 ಮಿಲಿಆಂಪಿಯರ್ ಗಂಟೆಯ ಬ್ಯಾಟರಿ ನೂರು ಗಂಟೆಯಲ್ಲಿ, ಎಂದರೆ ನಾಲ್ಕು ದಿನದಲ್ಲಿ, ಯಾವ ಕೆಲಸವನ್ನೂ ಮಾಡದೆ ಬರಿದಾಗುತ್ತದೆ.

ಇಂತಹ ಕಡೆಗೆಂದೇ ಅಲ್ಪ ಇಳಿಕೆಯ ರೆಗ್ಯುಲೇಟರುಗಳು ಬಂದವು. ಎಲ್‌ಡಿಓ ಎಂಬುದು ಅವುಗಳ ಚಾಲ್ತಿಯ ಹೆಸರು. ಎಂಜಿನ್ ಚಾಲೂ ಮಾಡುವಾಗ ಕಾರಿನ ಬ್ಯಾಟರಿ ಕುಸಿಯುತ್ತದೆ, ಆಗಲೂ ಐದು ವೋಲ್ಟ್ ಅಲುಗಬಾರದು ಎಂಬ ಅಗತ್ಯ ಇವುಗಳ ಬೆಳವಣಿಗೆಗೆ ಕಾರಣವಾಯಿತು. ಕಾರುಗಳಿಗೆಂದೇ ರೂಪಿಸಿದ ಎಲ್‌ಎಂ 2940ಕ್ಕೆ ಅರ್ಧ ವೋಲ್ಟಿನಷ್ಟು ಅಂತರವಿದ್ದರೂ ಸಾಕು. ಆದರೆ ಅದು ಹೊರತುದಿಯಲ್ಲಿ ತಕ್ಕ ಕೆಪಾಸಿಟರನ್ನು ಬೇಡುತ್ತದೆ. ಕೈಗೆ ಸಿಕ್ಕಿದ್ದನ್ನು ಹಾಕಿದರೆ ಸ್ಥಿರವಾಗಿರುವ ಬದಲು ಓಲಾಡತೊಡಗುತ್ತದೆ. 7805ನ್ನು ತೆಗೆದು ಅದೇ ಜಾಗದಲ್ಲಿ ಎಲ್‌ಡಿಓ ಕೂರಿಸುವ ಹವ್ಯಾಸಿ ಡೇಟಾಶೀಟಿನ ಈ ಸಾಲನ್ನು ಓದಲೇಬೇಕು.

ತೆರೆ, ಮುಚ್ಚು

ಇಳಿಕೆ ದೊಡ್ಡದು, ಪ್ರವಾಹವೂ ದೊಡ್ಡದು ಎಂದಾದರೆ ಮಾರ್ಗವನ್ನೇ ಬದಲಿಸಬೇಕು. ತೂಬನ್ನು ಅರ್ಧ ತೆರೆದಿಟ್ಟು ನೀರಿನ ರಭಸವನ್ನು ಕಲ್ಲಿಗೆ ಬಡಿಸಿ ಕೊಲ್ಲುವ ಬದಲು, ಪೂರ್ತಿ ತೆರೆದು ಪೂರ್ತಿ ಮುಚ್ಚಿ, ಬಂದ ನೀರನ್ನು ಒಂದು ಹೊಂಡದಲ್ಲಿ ಹಿಡಿದು ಸಮವಾಗಿ ಹರಿಸುವುದು ಈ ಉಪಾಯ. ಸ್ವಿಚಿಂಗ್ ರೆಗ್ಯುಲೇಟರಿನಲ್ಲಿ ಟ್ರಾನ್ಸಿಸ್ಟರ್ ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚುತ್ತದೆ. ಸುರುಳಿ ಮತ್ತು ಕೆಪಾಸಿಟರ್ ಹೊಂಡದ ಕೆಲಸ ಮಾಡುತ್ತವೆ. 1977ರ ಆ್ಯಪಲ್ 2 ಕಂಪ್ಯೂಟರಿನಲ್ಲಿ ರಾಡ್ ಹೋಲ್ಟ್ ರೂಪಿಸಿದ ಪವರ್ ಸಪ್ಲೈ ಈ ಬಗೆಯದು. ಬೀಸಣಿಗೆಯ ಸದ್ದಿಲ್ಲದೆ ಪುಟ್ಟ ಪೆಟ್ಟಿಗೆಯಲ್ಲಿ ಅಡಗಿ ಕೂರಲು ಅದಕ್ಕೆ ಸಾಧ್ಯವಾದದ್ದು ಈ ಕಾರಣದಿಂದ. ಇಂತಹ ಸರ್ಕ್ಯೂಟ್ ಕಟ್ಟಲು ಒಂದು ಕಾಲದಲ್ಲಿ ತಜ್ಞರೇ ಬೇಕಿತ್ತು. ನ್ಯಾಷನಲ್‌ನ ಎಲ್‌ಎಂ 2575, 2576, ಮುಂದೆ ಎಲ್‌ಎಂ 2596 ಮುಂತಾದವು ಅದನ್ನು ನಾಲ್ಕೈದು ಬಿಡಿಭಾಗಗಳಿಗೆ ಇಳಿಸಿದವು. ಜೋಡಿಸಿ ಸಿದ್ಧವಾದ ಪುಟ್ಟ ಹಲಗೆಗಳೇ ಈಗ ಅಂಗಡಿಗಳಲ್ಲಿ ಸಿಗುತ್ತವೆ.

ಮೇಲಿನ ಲೆಕ್ಕವನ್ನೇ ಇದಕ್ಕೆ ಹಚ್ಚಿದರೆ, ಹೊರಗೆ ಬೇಕಾದ 4 ವಾಟಿಗೆ ಸೇಕಡಾ 80ರ ದಕ್ಷತೆಯಲ್ಲಿ ಒಳಗೆ 5 ವಾಟ್ ಕೊಟ್ಟರೆ ಸಾಕು. ಪೋಲು ಒಂದೇ ವಾಟ್. 7805 ಇದೇ ಕೆಲಸಕ್ಕೆ 9.6 ವಾಟ್ ಕೇಳುತ್ತಿತ್ತು. ಹಾಗಾದರೆ ಹಳೆಯದನ್ನು ಎಸೆದುಬಿಡಬಹುದೆ? ಅದೂ ಆಗದು. ತೆರೆದು ಮುಚ್ಚುವ ಗಲಾಟೆ ಹೊರತುದಿಯಲ್ಲಿ ಸಣ್ಣ ಅಲೆಯಾಗಿ ಉಳಿಯುತ್ತದೆ. ರೇಡಿಯೋ ರಿಸೀವರ್, ಮೈಕಿನ ಆಂಪ್ಲಿಫೈಯರ್, ಸೂಕ್ಷ್ಮ ಸೆನ್ಸರುಗಳಲ್ಲಿ ಅದು ಗುಂಯ್‌ಗುಟ್ಟುತ್ತದೆ. ಅಲ್ಲಿ ನಿಶ್ಶಬ್ದವಾಗಿ ದುಡಿಯುವ ಹಳೆಯ ನೀರುಗಂಟಿಯೇ ಮೇಲು. ಮೊದಲು ಸ್ವಿಚಿಂಗಿನಿಂದ ಏಳೂವರೆಗೆ ಇಳಿಸಿ, ಅಲ್ಲಿಂದ ಐದಕ್ಕೆ 7805ರಿಂದ ತರುವ ಜಾಣರೂ ಇದ್ದಾರೆ.

ಆರ್ಡುಯಿನೋ ಹಲಗೆಗಳು ಈ ಬದಲಾವಣೆಯನ್ನು ಒಂದೇ ಮನೆತನದಲ್ಲಿ ತೋರಿಸುತ್ತವೆ. 2005ರಲ್ಲಿ ಇಟಲಿಯಲ್ಲಿ ಶುರುವಾದ ಈ ಹಲಗೆಗಳ ಪೈಕಿ 2010ರ ‘ಉನೋ’ಗೆ 7ರಿಂದ 12 ವೋಲ್ಟ್ ಕೊಡಿ ಎಂಬ ಸೂಚನೆಯಿತ್ತು. ಕೆಳಗಿನ ಏಳು ರೆಗ್ಯುಲೇಟರಿಗೆ ಬೇಕಾದ ಅಂತರದಿಂದ ಬಂದದ್ದು, ಮೇಲಿನ ಹನ್ನೆರಡು ಶಾಖದ ಭಯದಿಂದ ಬಂದದ್ದು. 2023ರ ‘ಉನೋ ಆರ್4’ ಹಲಗೆಯಲ್ಲಿ ಸ್ವಿಚಿಂಗ್ ರೆಗ್ಯುಲೇಟರ್ ಬಂದ ಮೇಲೆ ಆ ಮಿತಿ 6ರಿಂದ 24 ವೋಲ್ಟಿಗೆ ಹಿಗ್ಗಿತು.

ಅಂಕುಶದ ಕೆಲಸ

ವಿದ್ಯುತ್ತು ಸ್ಥಿರವಾದ ಮೇಲೆ ಅದರಿಂದ ಏನನ್ನಾದರೂ ನಡೆಸಬೇಕಲ್ಲ. ಆರ್ಡುಯಿನೋದಂತಹ ಹಲಗೆಯ ಒಂದು ಪಿನ್ ನೆಮ್ಮದಿಯಿಂದ ಕೊಡಬಲ್ಲದ್ದು 20 ಮಿಲಿಆಂಪಿಯರ್. ಒಂದು ಎಲ್‌ಇಡಿ ದೀಪಕ್ಕೆ ಸಾಕು, ರಿಲೇಗೂ ಮೋಟಾರಿಗೂ ಸಾಲದು. ಮಾವುತನ ಅಂಕುಶ ಆನೆಯನ್ನು ನಡೆಸುವಂತೆ, ಈ ಸಣ್ಣ ಸೂಚನೆಯಿಂದ ದೊಡ್ಡ ಪ್ರವಾಹವನ್ನು ನಡೆಸುವ ವಸ್ತುವಿಗೆ ಡ್ರೈವರ್ ಎಂದು ಹೆಸರು.

ಸಣ್ಣ ಕೆಲಸಕ್ಕೆ ಒಂದು ಬಿಸಿ 547 ಟ್ರಾನ್ಸಿಸ್ಟರ್ ಸಾಕು. 12 ವೋಲ್ಟಿನ, 400 ಓಮ್ ಸುರುಳಿಯ ರಿಲೇಗೆ ಬೇಕಾದದ್ದು 30 ಮಿಲಿಆಂಪಿಯರ್. ಸ್ವಿಚ್ಚಿನಂತೆ ಬಳಸುವಾಗ ಅದರ ಹತ್ತನೆಯ ಒಂದು ಪಾಲನ್ನು ಬೇಸ್ ತುದಿಗೆ ಕೊಡಬೇಕೆಂಬುದು ರೂಢಿ. ಐದು ವೋಲ್ಟಿನಿಂದ 3 ಮಿಲಿಆಂಪಿಯರ್ ಕೊಡಲು ಒಂದು, ಒಂದೂಕಾಲು ಕಿಲೋಓಮಿನ ರೆಸಿಸ್ಟರ್ ಸರಿಹೋಗುತ್ತದೆ. ಜೊತೆಗೆ ಸುರುಳಿಗೆ ಅಡ್ಡಲಾಗಿ, ಮಾಮೂಲಿ ಪ್ರವಾಹಕ್ಕೆ ವಿರುದ್ಧ ದಿಕ್ಕಿನಲ್ಲಿ, 1ಎನ್ 4007 ಡಯೋಡ್ ಇರಲೇಬೇಕು. ಪ್ರವಾಹ ತಟ್ಟನೆ ನಿಂತಾಗ ಸುರುಳಿ ನೂರಾರು ವೋಲ್ಟಿನ ಒದೆ ಕೊಡಬಲ್ಲದು. ಆ ಒದೆಗೆ ದಾರಿ ಮಾಡಿಕೊಡದಿದ್ದರೆ ಟ್ರಾನ್ಸಿಸ್ಟರ್ ಸಾಯುತ್ತದೆ.

ಹತ್ತನೆಯ ಒಂದು ಪಾಲೂ ಹೆಚ್ಚೆನಿಸುವ ಕಡೆಗೆ ಡಾರ್ಲಿಂಗ್ಟನ್ ಜೋಡಿ ಇದೆ. ಬೆಲ್ ಪ್ರಯೋಗಾಲಯದ ಸಿಡ್ನಿ ಡಾರ್ಲಿಂಗ್ಟನ್, ಆಗ ಅಪರೂಪವಾಗಿದ್ದ ಟ್ರಾನ್ಸಿಸ್ಟರುಗಳನ್ನು ವಾರಾಂತ್ಯಕ್ಕೆ ಕೇಳಿ ಪಡೆದು, ಒಂದರ ಪ್ರವಾಹವನ್ನು ಇನ್ನೊಂದಕ್ಕೆ ಉಣಿಸಿ ಎರಡರ ಗುಣವನ್ನೂ ಗುಣಿಸುವ ಈ ಜೋಡಣೆಯನ್ನು ಕಂಡುಕೊಂಡರು. 1953ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಒಂದೇ ಚೂರಿನಲ್ಲಿ ಎರಡು ಮೂರು ಟ್ರಾನ್ಸಿಸ್ಟರ್ ಎಂದಷ್ಟೇ ಪೇಟೆಂಟಿನಲ್ಲಿ ಬರೆದಿತ್ತು; ಎಷ್ಟಾದರೂ ಎಂದು ಬರೆದಿದ್ದರೆ ಮುಂದಿನ ಐಸಿಗಳೆಲ್ಲ ಅದರಡಿ ಬರುತ್ತಿದ್ದವು. ಇಂತಹ ಏಳು ಜೋಡಿಗಳನ್ನು, ಒದೆ ತಡೆಯುವ ಡಯೋಡುಗಳ ಸಮೇತ, ಒಂದೇ ಐಸಿಯಲ್ಲಿ ಕೂರಿಸಿ ಸ್ಪ್ರೇಗ್ ಕಂಪನಿ ತಂದದ್ದು ಯುಎಲ್‌ಎನ್ 2003. ಏಳು ರಿಲೇಗಳವರೆಗಿನ ಹಲಗೆಗೆ ಇಂದಿಗೂ ಇದರಷ್ಟು ಅನುಕೂಲದ್ದು ಇನ್ನೊಂದಿಲ್ಲ.

ಆದರೆ ಈ ಜೋಡಿಯೂ ಸುಂಕ ವಸೂಲಿ ಮಾಡುತ್ತದೆ. ಪ್ರವಾಹ ಹರಿಯುವಾಗ ಅದರೊಳಗೆ ಸುಮಾರು ಒಂದು ವೋಲ್ಟ್ ಉಳಿದುಬಿಡುತ್ತದೆ. 12 ವೋಲ್ಟಿನ ರಿಲೇಗೆ ಇದು ಲೆಕ್ಕಕ್ಕಿಲ್ಲ; 5 ವೋಲ್ಟಿನ ಮೋಟಾರಿಗೆ ಐದನೆಯ ಒಂದು ಪಾಲೇ ಹೋದಂತೆ. ಪುಟ್ಟ ರೋಬೋಗಳಲ್ಲಿ ವಾಡಿಕೆಯಾಗಿರುವ, ಇಟಲಿಯ ಎಸ್‌ಜಿಎಸ್ ಮೂಲದ ಎಲ್ 298 ಐಸಿಯಲ್ಲಿ ಒಂದು ಆಂಪಿಯರಿಗೇ ಎರಡು ಮೂರು ವೋಲ್ಟ್ ಕರಗುತ್ತದೆ. ಆರು ವೋಲ್ಟಿನ ಬ್ಯಾಟರಿ ಹಾಕಿ ರೋಬೋ ತೆವಳುತ್ತದೆಂದು ಮೋಟಾರನ್ನು ದೂರುವವರು ಈ ನಡುವಣ ಸುಂಕವನ್ನು ನೋಡುವುದಿಲ್ಲ. ಆ ಐಸಿ ರೂಪುಗೊಂಡದ್ದು ಹೆಚ್ಚಿನ ವೋಲ್ಟುಗಳಲ್ಲಿ ಓಡುವ ಕಾರ್ಖಾನೆಯ ಯಂತ್ರಗಳಿಗೂ ಒಪ್ಪುವಂತೆ. 24 ವೋಲ್ಟಿನಲ್ಲಿ ಮೂರು ವೋಲ್ಟ್ ಹೋದರೆ ಯಾರಿಗೂ ನಷ್ಟವಿಲ್ಲ.

ಇದಕ್ಕೆ ಪರಿಹಾರ ಮಾಸ್‌ಫೆಟ್. 1959ರಲ್ಲಿ ಬೆಲ್ ಪ್ರಯೋಗಾಲಯದಲ್ಲೇ ಮೊಹಮ್ಮದ್ ಅಟಲ್ಲಾ ಮತ್ತು ಡಾವೊನ್ ಕಾಂಗ್ ರೂಪಿಸಿದ ಈ ಬಗೆಯ ಟ್ರಾನ್ಸಿಸ್ಟರ್ 1970ರ ದಶಕದ ಕೊನೆಯ ಹೊತ್ತಿಗೆ ಭಾರಿ ಪ್ರವಾಹಗಳನ್ನು ಹೊರುವಷ್ಟು ಬೆಳೆಯಿತು. ಪೂರ್ತಿ ತೆರೆದಾಗ ಅದರ ಅಡ್ಡಿ 0.05 ಓಮಿನಷ್ಟಿದ್ದರೆ, 2 ಆಂಪಿಯರಿಗೆ ಶಾಖ 0.2 ವಾಟ್ ಮಾತ್ರ. ಡಾರ್ಲಿಂಗ್ಟನ್ನಿನಲ್ಲಿ ಅದು ಎರಡು ವಾಟಿಗೂ ಮೇಲೆ. ಆದರೆ ಇಲ್ಲೂ ಹೆಸರು ನೋಡಿ ಕೊಳ್ಳುವ ಅಪಾಯವಿದೆ. ಎಲ್ಲೆಡೆ ಸಿಗುವ ಐಆರ್‌ಎಫ್ 540 ಪೂರ್ತಿ ತೆರೆಯುವುದು ಗೇಟಿಗೆ 10 ವೋಲ್ಟ್ ಕೊಟ್ಟಾಗ. ಡೇಟಾಶೀಟಿನಲ್ಲಿ ‘ಹೊಸ್ತಿಲು 2ರಿಂದ 4 ವೋಲ್ಟ್’ ಎಂದಿರುವುದನ್ನು ನೋಡಿ ಐದು ಸಾಕೆಂದುಕೊಂಡರೆ ಕೆಟ್ಟಿತು; ಹೊಸ್ತಿಲೆಂದರೆ ಬಾಗಿಲು ಬಿರುಕು ಬಿಡುವ ಕ್ಷಣ. ಅರ್ಧ ತೆರೆದ ಬಾಗಿಲಿನಲ್ಲಿ ನುಗ್ಗುವ ಪ್ರವಾಹ ಅದನ್ನು ಸುಡುತ್ತದೆ. ಐದು ವೋಲ್ಟಿನ ಹಲಗೆಗೆ ಐಆರ್‌ಎಲ್‌ಝಡ್ 44ಎನ್ ಬಗೆಯದು ಬೇಕು. ಈಚಿನ ಇಎಸ್‌ಪಿ 32, ರಾಸ್‌ಬೆರಿ ಪೈ ಹಲಗೆಗಳ ಪಿನ್ನುಗಳು ಕೊಡುವುದು 3.3 ವೋಲ್ಟ್ ಮಾತ್ರ. ಅವಕ್ಕೆ ಎಒ 3400ನಂತೆ ಎರಡೂವರೆ ವೋಲ್ಟಿನಲ್ಲೇ ಅಡ್ಡಿ ಎಷ್ಟೆಂದು ಬರೆದುಕೊಟ್ಟಿರುವುದನ್ನು ಹುಡುಕಬೇಕು.

ಕಂಪನಿ ಹೋಯಿತು, ಸಂಖ್ಯೆ ಉಳಿಯಿತು

ನ್ಯಾಷನಲ್ ಸೆಮಿಕಂಡಕ್ಟರ್ 2011ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಲ್ಲಿ ಲೀನವಾಯಿತು. ಫೇರ್‌ಚೈಲ್ಡನ್ನು 2016ರಲ್ಲಿ ಆನ್ ಸೆಮಿಕಂಡಕ್ಟರ್ ಕೊಂಡಿತು. ಸಂಖ್ಯೆಗಳು ಮಾತ್ರ ಉಳಿದುಕೊಂಡವು, ಏಕೆಂದರೆ ಅವು ಹತ್ತಾರು ತಯಾರಕರ, ಲಕ್ಷಾಂತರ ನಕ್ಷೆಗಳ, ಪಠ್ಯಪುಸ್ತಕಗಳ ಸಾಮಾನ್ಯ ಭಾಷೆಯಾಗಿಬಿಟ್ಟಿದ್ದವು. ಟಿಟಿಎಲ್ ಐಸಿಗಳು ಹೆಚ್ಚುಕಡಿಮೆ ಮರೆಯಾದರೂ ಅವು ಕೇಳಿದ ಐದು ವೋಲ್ಟ್ 1996ರ ಯುಎಸ್‌ಬಿಗೆ ಬಂದು, ಅಲ್ಲಿಂದ ನಮ್ಮೆಲ್ಲರ ಮೊಬೈಲ್ ಚಾರ್ಜರಿಗೂ ಬಂತು.

ಹಾಗೆ ಉಳಿದದ್ದರಿಂದ ಕಲಿಯುವವರಿಗೆ ದೊಡ್ಡ ಉಪಕಾರವಾಗಿದೆ. ಹಳೆಯ ಪುಸ್ತಕದ ಸರ್ಕ್ಯೂಟನ್ನು ಇಂದೂ ಕಟ್ಟಬಹುದು. ಹತ್ತಿಪ್ಪತ್ತು ರೂಪಾಯಿಯ ವಸ್ತು ಸುಟ್ಟರೆ ಇನ್ನೊಂದು ತರಬಹುದು. ಕೊರತೆಯ ಕಾಲದವರಿಗೆ ಈ ಭಾಗ್ಯವಿರಲಿಲ್ಲ. ಆದರೆ ಬದಲಿ ಹುಡುಕುತ್ತಾ ಅವರು ಮಾಡುತ್ತಿದ್ದ ಲೆಕ್ಕವನ್ನು ಈ ಸುಲಭದ ನಡುವೆ ಕಳೆದುಕೊಳ್ಳಬೇಕಾಗಿಲ್ಲ. ಒಳಗೆ ಬರುವ ವೋಲ್ಟೇಜ್ ಹೆಚ್ಚೆಂದರೆ ಎಷ್ಟು, ಕಡಿಮೆಯೆಂದರೆ ಎಷ್ಟು. ಬೇಕಾದ ಪ್ರವಾಹ ಎಷ್ಟು. ಇಳಿಕೆಯನ್ನೂ ಪ್ರವಾಹವನ್ನೂ ಗುಣಿಸಿದರೆ ಬರುವ ಶಾಖ ಎಲ್ಲಿಗೆ ಹೋಗುತ್ತದೆ. ಡ್ರೈವರಿಗೆ ಸೂಚನೆ ಕೊಡುವ ಪಿನ್ನಿನಲ್ಲಿ ಎಷ್ಟು ವೋಲ್ಟಿದೆ. ಆಚೆ ತುದಿಯಲ್ಲಿ ಸುರುಳಿ ಇದೆಯೆ? ಅಂಗಡಿಗೆ ಹೊರಡುವ ಮುನ್ನ ಚೀಟಿಯಲ್ಲಿ ಬಿಡಿಭಾಗದ ಸಂಖ್ಯೆಗಿಂತ ಮೊದಲು ಈ ಐದು ಉತ್ತರಗಳನ್ನು ಬರೆದುಕೊಂಡರೆ, ಯಾವ ಸಂಖ್ಯೆ ಕೇಳಬೇಕೆಂಬುದನ್ನು ಆ ಚೀಟಿಯೇ ಹೇಳುತ್ತದೆ.